ಕೈಯೂ ಕಲಿಯಲಿ

ನಮ್ಮ ಶಾಲೆಗಳಲ್ಲಿ ಕೈಕೆಲಸವು ಇಂದಿಗೂ ಪಾಠ ಮುಗಿದ ಮೇಲಿನ ವಿನೋದವೆನಿಸಿದೆ. ಪರೀಕ್ಷೆ ಸಮೀಪಿಸಿತೆಂದರೆ ಮೊದಲು ಮಾಯವಾಗುವುದು ಆ ತಾಸೇ!

1937ರ ವರ್ಧಾ ಪರಿಷತ್ತಿನಲ್ಲಿ ಗಾಂಧೀಜಿಯವರು ಮುಂದಿಟ್ಟ ತತ್ವವು ಇದಲ್ಲ. ಕಸುಬು ಮತ್ತೊಂದು ವಿಷಯವಲ್ಲ, ಮಿಕ್ಕ ವಿಷಯಗಳನ್ನು ಕಲಿಸುವ ಸಾಧನವೆಂಬುದು ಅವರ ಮತವಾಗಿತ್ತು. ತಕಲಿಯಲ್ಲಿ ತೆಗೆದ ನೂಲನ್ನು ಬಾಲಕನು ಅಳೆದು ತೂಗುವಾಗ ಗಣಿತವು ತಾನಾಗಿ ಒದಗುವುದು. ನಮ್ಮ ಚನ್ನಪಟ್ಟಣದ ಬೊಂಬೆಗಾರನನ್ನೇ ನೋಡಿರಿ: ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನೊತ್ತಲು, ತಿಕ್ಕಾಟದ ಕಾವಿಗೆ ಅರಗು ಕರಗಿ ಬಣ್ಣವೇರುವುದು. ಘರ್ಷಣೆಯಿಂದ ಶಾಖವೆಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವು ಬೋಧಿಸೀತು?

6ರಿಂದ 8ನೆಯ ತರಗತಿಗಳ ನಡುವೆ ಮಕ್ಕಳು 10 ದಿನ ಪುಸ್ತಕದ ಚೀಲವನ್ನು ಬದಿಗಿಟ್ಟು ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಹೇಳಿತು. ಒಳ್ಳೆಯದೇ, ಆದರೆ ಹತ್ತು ದಿನದ ಹಬ್ಬದಿಂದ ವರ್ಷದ ಹಸಿವು ಹಿಂಗದು. ಕೈಕೆಲಸವು ನಿತ್ಯದ ಪಾಠದೊಳಗೇ ಬರಬೇಕೆಂದು ನಾವು ಒತ್ತಿ ಹೇಳುತ್ತೇವೆ.

ಇದರಿಂದ ಮಕ್ಕಳು ಮರಳಿ ಕುಲಕಸುಬಿಗೆ ಕಟ್ಟುಬೀಳುವರೆಂದು ಕೆಲವರು ಶಂಕಿಸುವರು. ಶಂಕೆಯು ಅಕಾರಣವಲ್ಲ. ಆದುದರಿಂದಲೇ ವಕೀಲನ ಮಗನೂ ಮಣ್ಣು ಕಲಸಲಿ, ಕುಂಬಾರನ ಮಗಳೂ ನಕ್ಷೆ ಬರೆಯಲಿ. ಎಲ್ಲರೂ ಎಲ್ಲವನ್ನೂ ಮಾಡಲಿ. ಕೈಯನ್ನು ಕೀಳೆಂದೆಣಿಸುವ ವಿದ್ಯೆಯು ನಾಡನ್ನು ಕಟ್ಟಲಾರದು. ಉಪಾಧ್ಯಾಯ ಬಂಧುಗಳು ನಾಳಿನ ಪಾಠವನ್ನು ಒಂದು ಅಳತೆಗೋಲಿನಿಂದಲೋ ಒಂದು ಹಿಡಿ ಜೇಡಿಮಣ್ಣಿನಿಂದಲೋ ಆರಂಭಿಸಲಿ.