ಬಾಣಂತಿಯ ವಿಷಾದವು ಅವಿಶ್ವಾಸವಲ್ಲ

ಪೀಣ್ಯದ ಕಾರ್ಖಾನೆಗಳಿಗೆ ಸಮೀಪವಾದ ಲಗ್ಗೆರೆಯಂಥ ಬಡಾವಣೆಯಲ್ಲಿ, ತವರಿನಿಂದ ದೂರವಾದ ಕ್ರೈಸ್ತ ಬಾಣಂತಿಯೊಬ್ಬಳು ಶಿಶುವನ್ನು ಮಡಿಲಲ್ಲಿಟ್ಟುಕೊಂಡು ಹಗಲಿರುಳು ಕಣ್ಣೀರಿಡುತ್ತಿದ್ದರೆ, ‘ವಿಶ್ವಾಸ ಸಾಲದು, ಇನ್ನಷ್ಟು ಪ್ರಾರ್ಥಿಸು’ ಎಂದು ಉಪದೇಶಿಸುವವರುಂಟು. ಇದು ಧರ್ಮವೆ? ಅಂಥವರು ತಮ್ಮ ಸತ್ಯವೇದವನ್ನೇ ತೆರೆದು ನೋಡಲಿ. ಎಲೀಯನಂಥ ಪ್ರವಾದಿಯೇ ಅರಣ್ಯದಲ್ಲಿ ಮರಣವನ್ನು ಬೇಡಿದಾಗ ದೇವದೂತನು ಅವನನ್ನು ಗದರಿಸಲಿಲ್ಲ. ರೊಟ್ಟಿಯನ್ನೂ ನೀರನ್ನೂ ಕೊಟ್ಟು ಮತ್ತೆ ಮಲಗಗೊಟ್ಟನು. ಪ್ರವಾದಿಗೆ ಸಂದ ಕರುಣೆಯು ತಾಯಿಗೆ ಸಲ್ಲದೆ? ಪ್ರಸವಾನಂತರ ದೇಹದ ಅಂತಃಸ್ರಾವಗಳ ಕುಸಿತ, ನಿದ್ರಾಭಂಗ, ಒಂಟಿತನ ಇವೆಲ್ಲ ಸೇರಿ ಮನಸ್ಸನ್ನು ಕುಗ್ಗಿಸಬಲ್ಲವು. ಅದು ಜ್ವರದಂತೆ ವ್ಯಾಧಿಯೇ ಹೊರತು ಪಾಪದ ಫಲವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಅಗಲಿಸದೆ ಚಿಕಿತ್ಸೆ ನೀಡುವ ವಿಭಾಗವು 2009ರಿಂದಲೂ ಇದೆ. ಸಭೆಯವರು ಪ್ರಾರ್ಥಿಸಲಿ, ಬೇಡವೆಂದವರಾರು? ಆದರೆ ಮೊದಲು ಗಂಜಿ ಕಾಯಿಸಲಿ, ಮಗುವನ್ನೆತ್ತಿಕೊಂಡು ಅವಳನ್ನು ಮಲಗಗೊಡಲಿ, ವೈದ್ಯರಲ್ಲಿಗೆ ಕರೆದೊಯ್ಯಲಿ. ದೇವದೂತನು ಮಾಡಿದ್ದೂ ಅಷ್ಟೇ.