‘ವಿಲ್’ ಒಂದೇ ಸಾಲದು



ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪಿ.ಯು.ಸಿ. ಸೇರಿರುವ ಮಗನ ಇಂಗ್ಲಿಷ್ ಉತ್ತರಪತ್ರಿಕೆಯನ್ನು ಓದುಗ ತಾಯಿಯೊಬ್ಬರು ನಮಗೆ ಕಳುಹಿಸಿದ್ದಾರೆ. ಭವಿಷ್ಯತ್ ಕಾಲದ ಐದು ವಾಕ್ಯಗಳಲ್ಲಿ ಮೂರಕ್ಕೆ ಕೆಂಪು ಗೆರೆ ಬಿದ್ದಿದೆ. ಹುಡುಗನು ಐದರಲ್ಲಿಯೂ ‘ವಿಲ್’ ಎಂದೇ ಬರೆದಿದ್ದಾನೆ. ‘ಶಾಲೆಯಲ್ಲಿ ಹೇಳಿಕೊಟ್ಟದ್ದನ್ನೇ ಬರೆದಿದ್ದಾನಲ್ಲ, ತಪ್ಪು ಹೇಗಾಯಿತು?’ ಎಂಬುದು ತಾಯಿಯವರ ಪ್ರಶ್ನೆ. ಇಂಗ್ಲಿಷ್ ತನ್ನ ತಲೆಗೆ ಹತ್ತುವುದಿಲ್ಲವೆಂದು ಹುಡುಗನು ಕಾಲೇಜನ್ನೇ ಬಿಡುವ ಮಾತಾಡುತ್ತಿರುವನಂತೆ.

ಅಷ್ಟಕ್ಕೆಲ್ಲ ಎದೆಗುಂದಬೇಕಾಗಿಲ್ಲ. ಅವನು ಕಲಿತ ಪಾಠ ಸುಳ್ಳಲ್ಲ, ಅರ್ಧ ಮಾತ್ರ. ಇಂಗ್ಲಿಷ್ ಕ್ರಿಯಾಪದಕ್ಕೆ ಭೂತಕಾಲದ ರೂಪವುಂಟು. ಭವಿಷ್ಯತ್ತಿಗೆಂದೇ ಪ್ರತ್ಯೇಕ ರೂಪವಿಲ್ಲ. ‘ವಿಲ್’ ಎಂಬುದು ಮೂಲದಲ್ಲಿ ಇಚ್ಛೆಯನ್ನು ಹೇಳುತ್ತಿದ್ದ ಪದ. ನಮ್ಮ ಹಿರಿಯರು ಆಸ್ತಿಗಾಗಿ ಬರೆಸುವ ‘ವಿಲ್’ ಕೂಡ ಅದೇ ಬೇರಿನಿಂದ ಬಂದುದು. ಕನ್ನಡದ ಸಂಗತಿಯೂ ವಿಚಿತ್ರವೇ. ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಮೂರು ಕಾಲಗಳಿಗೂ ಬೇರೆ ಬೇರೆ ಪ್ರತ್ಯಯಗಳಿವೆ. ಆದರೂ ಮನೆಯಲ್ಲಿ ‘ನಾಳೆ ಬರುವೆನು’ ಎನ್ನುವವರೆಷ್ಟು ಮಂದಿ? ವರ್ತಮಾನದ ‘ಬರುತ್ತೇನೆ’ ಎಂಬುದರಿಂದಲೇ ನಾಳೆಯ ಕೆಲಸ ನಡೆದುಹೋಗುತ್ತದೆ.

ಇಂಗ್ಲಿಷಿನಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ, ಕೆಲಸ ಯಾವಾಗ ನಡೆಯುವುದು ಎಂಬುದಕ್ಕಿಂತ, ನಿರ್ಧಾರ ಯಾವಾಗ ಆಯಿತು ಎಂಬುದು. ಮನೆಗೆ ಜಂಗಮರು ಅನಿರೀಕ್ಷಿತವಾಗಿ ದಯಮಾಡಿಸಿದರು, ಹಾಲು ಮುಗಿದಿದೆ. ‘ನಾನು ತರುತ್ತೇನೆ’ ಎಂದು ಮಗ ಎದ್ದರೆ ಅದು ‘ಐ ವಿಲ್ ಬ್ರಿಂಗ್ ಇಟ್’; ಆ ಕ್ಷಣದಲ್ಲಿ ಹುಟ್ಟಿದ ಸಂಕಲ್ಪ. ಶ್ರಾವಣ ಸೋಮವಾರದ ಪ್ರಸಾದಕ್ಕೆ ಹೋಳಿಗೆಯೆಂದು ವಾರದ ಹಿಂದೆಯೇ ಮನೆಯವರು ನಿಶ್ಚಯಿಸಿದ್ದರೆ ‘ವಿ ಆರ್ ಗೋಯಿಂಗ್ ಟು ಮೇಕ್ ಹೋಳಿಗೆ’ ಎನ್ನಬೇಕು. ಸ್ವಾಮೀಜಿಯವರಿಗೆ ಬಿನ್ನಹ ಸಲ್ಲಿಸಿ, ದಿನವೂ ಗೊತ್ತಾಗಿದ್ದರೆ ‘ಸ್ವಾಮೀಜಿ ಈಸ್ ಕಮಿಂಗ್ ಆನ್ ಮಂಡೇ’ ಎಂದರಾಯಿತು. ಕಣ್ಣೆದುರಿಗೆ ಕಾರ್ಮೋಡ ಕವಿದಿರುವಾಗ ‘ಇಟ್ ಈಸ್ ಗೋಯಿಂಗ್ ಟು ರೇನ್’ ಎನ್ನುವುದು ರೂಢಿ. ಅಲ್ಲಿ ‘ವಿಲ್’ ಹಾಕಿ ಹುಡುಗನು ಒಂದು ಅಂಕ ಕಳೆದುಕೊಂಡಿದ್ದಾನೆ. ವೇಳಾಪಟ್ಟಿಯ ಬಸ್ಸಿಗೆ ‘ದ ಬಸ್ ಲೀವ್ಸ್ ಅಟ್ ಸಿಕ್ಸ್’ ಎಂಬ ಸಾದಾ ವರ್ತಮಾನವೇ ಸಾಕು, ‘ವಿಲ್ ಲೀವ್’ ಎಂದರೂ ತಪ್ಪೇನಲ್ಲ.

ನಮ್ಮ ಮಕ್ಕಳು ಹೆಚ್ಚಾಗಿ ಎಡವುವುದು ‘ವೆನ್’, ‘ಇಫ್’ಗಳ ಮುಂದೆ. ‘ವೆನ್ ದ ಗೆಸ್ಟ್ಸ್ ವಿಲ್ ಕಮ್, ವಿ ವಿಲ್ ಸರ್ವ್ ಫುಡ್’ ಎಂದು ಹುಡುಗ ಬರೆದಿದ್ದಾನೆ. ಮೊದಲನೆಯ ‘ವಿಲ್’ ಸಲ್ಲದು; ‘ವೆನ್ ದ ಗೆಸ್ಟ್ಸ್ ಕಮ್’ ಎಂದಿರಬೇಕು. ಏಕೆಂದು ಮಗ ಕೇಳಿದರೆ ತಾಯಿಯವರು ಕನ್ನಡವನ್ನೇ ತೋರಿಸಬಹುದು. ‘ಅತಿಥಿಗಳು ಬಂದಾಗ ಬಡಿಸುತ್ತೇವೆ’, ‘ಮಳೆ ಬಂದರೆ ನಿಲ್ಲುತ್ತೇವೆ’ ಎನ್ನುತ್ತೇವಷ್ಟೆ. ಇನ್ನೂ ಬಾರದ ಅತಿಥಿಗೂ ಮಳೆಗೂ ನಾವು ಭೂತಕಾಲದ ‘ಬಂದ’ ಎಂಬುದನ್ನೇ ಬಳಸುತ್ತೇವೆ. ಅಂತಹ ವಾಕ್ಯಭಾಗದಲ್ಲಿ ಎರಡು ಭಾಷೆಗಳೂ ಭವಿಷ್ಯತ್ತನ್ನು ಬಾಯಿಬಿಟ್ಟು ಹೇಳುವುದಿಲ್ಲ.

‘ಐ’, ‘ವಿ’ಗಳಿಗೆ ‘ಶಲ್’ ಎಂಬ ಹಳೆಯ ನಿಯಮವನ್ನು ಕೆಲವು ಹಿರಿಯರು ಇಂದಿಗೂ ಒತ್ತಿಹೇಳುವುದುಂಟು. 1653ರಲ್ಲಿ ಜಾನ್ ವಾಲಿಸ್ ತನ್ನ ಲ್ಯಾಟಿನ್ ಭಾಷೆಯ ಇಂಗ್ಲಿಷ್ ವ್ಯಾಕರಣದಲ್ಲಿ ಬರೆದಿಟ್ಟ ನಿಯಮವದು. ಈಗ ಸಾಮಾನ್ಯ ಬಳಕೆಯಲ್ಲಿ ಎಲ್ಲರಿಗೂ ‘ವಿಲ್’ ಸಲ್ಲುತ್ತದೆ. ‘ಶಲ್ ವಿ ಬಿಗಿನ್?’ ಎಂದು ಕೇಳುವಲ್ಲಿ, ಕಾನೂನಿನ ಪತ್ರಗಳಲ್ಲಿ ‘ಶಲ್’ ಉಳಿದಿದೆ.

ತಾಯಿಯವರು ಉತ್ತರಪತ್ರಿಕೆಯನ್ನು ಹರಿದು ಹಾಕದಿರಲಿ. ಕೆಂಪು ಗೆರೆಯ ಮೂರು ವಾಕ್ಯಗಳ ಪಕ್ಕದಲ್ಲಿ ‘ಈಗ ನಿರ್ಧರಿಸಿದ್ದು’, ‘ಮೊದಲೇ ನಿರ್ಧರಿಸಿದ್ದು’, ‘ಕಣ್ಣಿಗೆ ಕಾಣುತ್ತಿರುವುದು’, ‘ವೆನ್ ಇರುವುದು’ ಎಂಬುವುಗಳಲ್ಲಿ ಸರಿಯಾದುದನ್ನು ಮಗನು ಕನ್ನಡದಲ್ಲಿಯೇ ಬರೆಯಲಿ; ಅನಂತರ ಇಂಗ್ಲಿಷಿಗೆ ಕೈಹಾಕಲಿ. ಮುಂದಿನ ಪರೀಕ್ಷೆಯ ಪತ್ರಿಕೆಯನ್ನೂ ನಮಗೆ ಕಳುಹಿಸಬೇಕೆಂದು ಕೋರುತ್ತೇವೆ.