ತಲಕಾಡು: ಶಾಪದ ಕಥನ ಮತ್ತು ಮರಳಿನ ಸಾಕ್ಷ್ಯ

ತಲಕಾಡಿಗೆ ಹೋಗುವವರು ಎರಡು ಸಂಗತಿಗಳನ್ನು ಮೊದಲೇ ತಿಳಿದು ಹೊರಟಿರುತ್ತಾರೆ: ಅಲಮೇಲಮ್ಮನ ಶಾಪ ಮತ್ತು ಪಂಚಲಿಂಗ ದರ್ಶನ. ಗಂಗರ ರಾಜಧಾನಿಯಾಗಿದ್ದು, ಚೋಳರ ಕಾಲದಲ್ಲಿ ರಾಜರಾಜಪುರವೆನಿಸಿ, ಅನಂತರ ವಿಷ್ಣುವರ್ಧನನಿಗೆ ‘ತಲಕಾಡುಗೊಂಡ’ನೆಂಬ ಬಿರುದನ್ನು ತಂದುಕೊಟ್ಟ ಪಟ್ಟಣವೊಂದು ಕಾಲಡಿಯಲ್ಲಿದೆ ಎಂಬ ಅರಿವು ಮಾತ್ರ ವಿರಳ. ಮರಳಿನ ಹೊಂಡಕ್ಕಿಳಿದು ಪಾತಾಳೇಶ್ವರನನ್ನು ಕಂಡು ಮೇಲೇರಿ ಬಂದರೆ ಭೇಟಿ ಮುಗಿಯುತ್ತದೆ.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಸಂದರ್ಭಕ್ಕೆ ಹೆಣೆದುಕೊಂಡಿರುವ ಶಾಪದ ಕಥನವು ಸೋತವರ ನೆನಪನ್ನು ಗೆದ್ದವರ ನಾಡಿನಲ್ಲಿಯೇ ಉಳಿಸಿತು. ಜಾನಪದ ಅಧ್ಯಯನಕ್ಕೆ ಇದು ಸಣ್ಣ ಸಂಗತಿಯಲ್ಲ. ಆದರೆ ಮರಳಿನ ಕಾರಣವನ್ನೂ ಅದರಲ್ಲಿಯೇ ಅರಸುವುದರಿಂದ ಕಥನಕ್ಕೂ ನೆಲಕ್ಕೂ ಅನ್ಯಾಯವಾಗುತ್ತದೆ. ಕಾವೇರಿ ಇಲ್ಲಿ ತೀವ್ರವಾಗಿ ಬಾಗಿ ಹರಿಯುತ್ತದೆ. ನೀರು ಇಳಿದಾಗ ತೆರೆದುಕೊಳ್ಳುವ ಪಾತ್ರದ ಮರಳನ್ನು ನೈಋತ್ಯದ ಗಾಳಿ ದಡಕ್ಕೆ ತಂದು ಸುರಿಯುತ್ತದೆ. ಮಾಧವಮಂತ್ರಿ ಅಣೆಕಟ್ಟು ನದಿಯ ಹರಿವನ್ನು ಬದಲಿಸಿದ್ದೂ ಒಂದು ಕಾರಣವೆಂದು ವಿದ್ವಾಂಸರು ಸೂಚಿಸಿದ್ದಾರೆ.

ಮರಳು ಊರನ್ನು ನುಂಗಿತೆಂಬುದು ರೂಢಿಯ ಮಾತು. ಪುರಾತತ್ತ್ವದ ದೃಷ್ಟಿಯಿಂದ ಅದು ಊರನ್ನು ಕಾಯ್ದಿದೆ. ಒಂದೇ ನೆಲೆಯಲ್ಲಿ ಮತ್ತೆ ಮತ್ತೆ ಕಟ್ಟಿ ಕೆಡವಿದ ಊರುಗಳಲ್ಲಿ ಅಳಿಸಿಹೋಗುವ ಮನೆಯ ತಳಪಾಯ, ಮಡಕೆಯ ಚೂರು, ಬೀದಿಯ ಜಾಡು ಇಂತಹ ಕಡೆ ಉಳಿಯುವ ಸಾಧ್ಯತೆ ಹೆಚ್ಚು. 1990ರ ದಶಕದಲ್ಲಿ ಇಲ್ಲಿ ನಡೆದ ಉತ್ಖನನವು ಈ ದಿಕ್ಕಿನದು. ಆದರೂ ಸಾರ್ವಜನಿಕ ಗಮನವೆಲ್ಲ ದೇವಾಲಯಗಳ ಮೇಲೆಯೇ. ದರ್ಶನದ ಸಿದ್ಧತೆಗೆ ಮರಳು ತೆಗೆಯುವಾಗ ಯಾವ ಆಳದಲ್ಲಿ ಏನು ದೊರೆಯಿತೆಂಬುದನ್ನು ದಾಖಲಿಸದಿದ್ದರೆ, ಸ್ತರಗಳ ಕ್ರಮ ಒಮ್ಮೆ ಕದಡಿತೆಂದರೆ ಮುಗಿಯಿತು. ಅದನ್ನು ಮರಳಿ ಜೋಡಿಸುವ ವಿಧಾನವಿಲ್ಲ. 2013ರ ಬಳಿಕ ಪಂಚಲಿಂಗ ದರ್ಶನ ನಡೆದದ್ದು 2020ರಲ್ಲಿ. ಅಂತಹ ಬಿಡುವಿನ ವರ್ಷಗಳೇ ಶಾಂತವಾದ ಅಧ್ಯಯನಕ್ಕೆ ಒದಗುವ ಕಾಲ.

ಕನ್ನಡ ವಿಭಾಗಗಳೂ ಇದರಲ್ಲಿ ನಿರ್ದೋಷಿಗಳಲ್ಲ. ತಲಕಾಡಿನ ಶಾಸನಗಳನ್ನು 1894ರ ಎಪಿಗ್ರಾಫಿಯಾ ಕರ್ನಾಟಿಕಾ ಮೂರನೆಯ ಸಂಪುಟದಿಂದಲೋ ಅದರ ಪರಿಷ್ಕರಣದಿಂದಲೋ ಪಾಠ ಮಾಡಲಾಗುತ್ತದೆ; ಕಲ್ಲು ನಿಂತ ಜಾಗವನ್ನು ಕಾಣದೆಯೇ ಅದರ ಪಾಠಾಂತರಗಳು ಚರ್ಚೆಯಾಗುತ್ತವೆ. ಶೈಕ್ಷಣಿಕ ಪ್ರವಾಸವೋ, ಕೀರ್ತಿನಾರಾಯಣ ದೇವಾಲಯದ ಮುಂದೆ ತೆಗೆದ ಗುಂಪುಚಿತ್ರದೊಡನೆ ಮುಕ್ತಾಯ. ಸಂಪುಟವನ್ನು ಕೈಯಲ್ಲಿ ಹಿಡಿದು ಶಾಸನದಿಂದ ಶಾಸನಕ್ಕೆ ನಡೆಯುವುದು, ಅದೇ ದಿನ ತಲಕಾಡು ಮತ್ತು ಮಾಲಂಗಿಯ ಹಿರಿಯರಿಂದ ಶಾಪದ ಕಥೆಯ ಭಿನ್ನ ಪಾಠಗಳನ್ನು ಬರೆದುಕೊಳ್ಳುವುದು ಒಂದು ತರಗತಿಯ ಶಕ್ತಿಗೆ ಮೀರಿದ ಕೆಲಸವೇನಲ್ಲ.